ಕಾರ್ಖಾನೆಯ ತೊಟ್ಟಿಗೊಂದು ಪುಟ್ಟ ಮೀನು

ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ, ಗ್ಯಾರೇಜು, ಗೋದಾಮು – ದಾವಣಗೆರೆ, ಹರಿಹರಗಳಲ್ಲಿ ಯಾವ ಉದ್ಯಮದ ಆವರಣವನ್ನು ಹೊಕ್ಕರೂ ಒಂದು ಸಿಮೆಂಟ್ ತೊಟ್ಟಿಯೋ ನೆಲದಡಿಯ ಸಂಪೋ ಕಾಣಸಿಗುತ್ತದೆ. ನೀರು ಬಂದಾಗ ಹಿಡಿದಿಟ್ಟುಕೊಳ್ಳುವುದು ನಮ್ಮ ಹಳೆಯ ಅಭ್ಯಾಸ. ಹೀಗೆ ನಿಂತ ತಿಳಿನೀರೇ ಡೆಂಗ್ಯೂ ಮತ್ತು ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಯ ತವರು. 2006ರಲ್ಲಿ ಚಿಕುನ್‌ಗುನ್ಯಾ ಹಬ್ಬಿದಾಗ ಕರ್ನಾಟಕದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಕೀಲುನೋವಿನಿಂದ ವಾರಗಟ್ಟಲೆ ಮಲಗಿದ ಹಮಾಲರ ಕೂಲಿ ನಷ್ಟ ಯಾವ ಖಾತೆ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಆದಕಾರಣ ಸೊಳ್ಳೆಯ ಮರಿಹುಳುಗಳನ್ನು ತಿನ್ನುವ ಗಪ್ಪಿ ಮೀನಿನ ಪರಿಚಯ ನಮ್ಮ ವರ್ತಕ ಬಾಂಧವರಿಗೂ ಅವಶ್ಯಕ.

ಗಪ್ಪಿಯ ಮೂಲನೆಲೆ ದಕ್ಷಿಣ ಅಮೆರಿಕದ ಈಶಾನ್ಯ ಭಾಗ ಹಾಗೂ ಟ್ರಿನಿಡಾಡ್ ದ್ವೀಪದ ತೊರೆಗಳು. ಜರ್ಮನಿಯ ವಿಜ್ಞಾನಿ ಪೀಟರ್ಸ್ 1859ರಲ್ಲಿ ಇದನ್ನು ಪೊಯಿಸಿಲಿಯ ರೆಟಿಕ್ಯುಲೇಟ ಎಂದು ಹೆಸರಿಸಿದರು. ಟ್ರಿನಿಡಾಡ್‌ನಿಂದ ಲಂಡನ್ನಿಗೆ ಮಾದರಿಗಳನ್ನು ಕಳುಹಿಸಿದ ಲೆಕ್ಮಿಯರ್ ಗಪ್ಪಿಯವರ ಗೌರವಾರ್ಥ 1866ರಲ್ಲಿ ಇಟ್ಟ ಮತ್ತೊಂದು ಶಾಸ್ತ್ರೀಯ ನಾಮ ಬಿದ್ದುಹೋಯಿತು. ಅವರ ಮನೆತನದ ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು.

ಗಂಡು ಸುಮಾರು 3 ಸೆಂ.ಮೀ. ಉದ್ದ, ಬಣ್ಣದ ಬಾಲ. ಹೆಣ್ಣು ಅದಕ್ಕಿಂತ ದೊಡ್ಡದು, ಬೂದು ಬಣ್ಣದ್ದು. ಇದು ಮೊಟ್ಟೆಯಿಡುವುದಿಲ್ಲ, ಸುಮಾರು 4 ವಾರಗಳಿಗೊಮ್ಮೆ, ಹುಟ್ಟುತ್ತಲೇ ಈಜಬಲ್ಲ ಮರಿಗಳನ್ನು ಹಾಕುತ್ತದೆ. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಪಿಟ್ಟುಕೊಳ್ಳುವುದರಿಂದ ಒಂದೇ ಮೀನಿನಿಂದ ತೊಟ್ಟಿ ತುಂಬೀತು. ಹಸಿದಾಗ ಸ್ವಂತ ಮರಿಗಳನ್ನೇ ನುಂಗುವುದೂ ಉಂಟು! ಸೊಳ್ಳೆಯ ಮರಿಹುಳು ನೀರಿನ ಮೇಲ್ಮೈಗೆ ಬಂದು ಉಸಿರಾಡುತ್ತದೆ. ಗಪ್ಪಿಯ ಬಾಯಿ ಮೇಲ್ಮುಖವಾಗಿರುವುದರಿಂದ ಅಲ್ಲಿಯೇ ಅದನ್ನು ಹಿಡಿಯುತ್ತದೆ.

ಕೋಲಾರ ಜಿಲ್ಲೆಯ ಕಾಮಸಮುದ್ರ ಪ್ರದೇಶದ ಬಾವಿಗಳಲ್ಲಿ ಗಪ್ಪಿಯನ್ನು ಬಿಟ್ಟು ಮಲೇರಿಯಾವನ್ನು ಹತೋಟಿಗೆ ತಂದ ನಿದರ್ಶನವಿದೆ. ರೇಷ್ಮೆ ಸಾಕುವ ಮನೆಗಳಲ್ಲಿ ಕೀಟನಾಶಕ ಸಿಂಪಡಿಸಿದರೆ ಹುಳುವೂ ಸಾಯುತ್ತದೆ. ಮೀನಿನಿಂದ ಆ ಭಯವಿಲ್ಲ.

ಭತ್ತ ನೆನೆಹಾಕುವ ತೊಟ್ಟಿ ಆಗಾಗ ಖಾಲಿಯಾಗುತ್ತದೆ, ಭದ್ರ ಮುಚ್ಚಳವಿರುವ ಸಂಪಿಗೆ ಸೊಳ್ಳೆ ಇಳಿಯದು. ಇವೆರಡಕ್ಕೂ ಮೀನು ಬೇಡ. ತಿಂಗಳುಗಟ್ಟಲೆ ನೀರು ನಿಲ್ಲುವ ತೆರೆದ ತೊಟ್ಟಿಗೆ ಗಪ್ಪಿ ತಕ್ಕುದು. ಬ್ಲೀಚಿಂಗ್ ಪುಡಿ ಹಾಕುವ ಮುನ್ನ ಮೀನನ್ನು ಬೇರೆಡೆಗೆ ತೆಗೆದಿಡಬೇಕು. ಹಳೆಯ ಟಯರು, ಡ್ರಮ್ಮುಗಳಿಗೆ ಮೀನು ಪರಿಹಾರವಲ್ಲ. ಬೆಚ್ಚನೆಯ ಹವೆಯಲ್ಲಿ 7ರಿಂದ 10 ದಿನಗಳೊಳಗೆ ಮೊಟ್ಟೆ ಸೊಳ್ಳೆಯಾಗುವುದರಿಂದ ವಾರಕ್ಕೊಮ್ಮೆ ಅವುಗಳ ನೀರನ್ನು ಚೆಲ್ಲಿ, ಒಳಬದಿಯನ್ನು ಉಜ್ಜಿ ತೊಳೆಯಲೇಬೇಕು.

ಒಂದು ವಿಷಯದಲ್ಲಿ ಮಾತ್ರ ಲೇಖಕನದು ಕಟ್ಟುನಿಟ್ಟಿನ ಅಭಿಪ್ರಾಯ. ಗಪ್ಪಿ ಪರದೇಶದ ಮೀನು. ತುಂಗಭದ್ರೆಗಾಗಲಿ ಕೆರೆಗಳಿಗಾಗಲಿ ಅದನ್ನು ಬಿಡಬಾರದು. 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಗ್ಯಾಂಬೂಸಿಯ ಎಂಬ ಇದರ ಬಂಧು, ಇಂದು ಜಗತ್ತಿನ 100 ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ದಕ್ಷಿಣ ಭಾರತದ ಹಳ್ಳಕೊಳ್ಳಗಳಲ್ಲಿ, ತಲೆಯ ಮೇಲೆ ಬೆಳ್ಳಿಚುಕ್ಕೆ ಹೊಳೆಯುವ ಪ್ಯಾಂಚಾಕ್ಸ್ ಎಂಬ ಸ್ಥಳೀಯ ಮೀನು ಇದೇ ಕೆಲಸವನ್ನು ಮೊದಲಿನಿಂದಲೂ ಮಾಡುತ್ತ ಬಂದಿದೆ; ಅದರ ಅನ್ನಕ್ಕೆ ಹೊರಗಿನವರು ಕೈ ಹಾಕುವುದು ಬೇಡ. ತೊಟ್ಟಿಯ ನೀರು ಚರಂಡಿಗೆ ಹೋಗುವ ಕೊಳವೆಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ, ಆಮೇಲೆ ಮೀನಿಗಾಗಿ ಆರೋಗ್ಯ ಇಲಾಖೆಯವರನ್ನು ವಿಚಾರಿಸಬಹುದು.