ಪ್ರಮಾಣಿಸಿ ನೋಡು

ಹಾಸನಕ್ಕೆ ಸಮೀಪದ ಶೆಟ್ಟಿಹಳ್ಳಿಯಲ್ಲಿ, ಹೇಮಾವತಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿ, ಹಳೆಯ ಇಗರ್ಜಿಯೊಂದರ ಅವಶೇಷ ನಿಂತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಕಟ್ಟಡವು, ಗೊರೂರಿನಲ್ಲಿ ಅಣೆಕಟ್ಟು ಎದ್ದ ಮೇಲೆ, ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಬೇಸಗೆಯಲ್ಲಿ ಮತ್ತೆ ತಲೆಯೆತ್ತಿ ನಿಲ್ಲುತ್ತದೆ. ಅದನ್ನು ನೋಡಲು ದೂರದ ಊರುಗಳಿಂದ ಜನರು ಬರುತ್ತಾರೆ. ಕಾರಿನಿಂದಿಳಿದು, ಚಿತ್ರ ತೆಗೆದುಕೊಂಡು, ದಾರಿ ಕೇಳಿಕೊಂಡು ಹಿಂದಿರುಗುವ ಅವರೆಲ್ಲರೂ ಊರಿಗೆ ಅಪರಿಚಿತರೇ. ಆದರೂ ಅವರ ಕುಲವನ್ನಾಗಲಿ ಮೂಲವನ್ನಾಗಲಿ ವಿಚಾರಿಸಬೇಕೆಂದು ಯಾರಿಗೂ ತೋರುವುದಿಲ್ಲ.

ಇನ್ನೊಂದು ಚಿತ್ರವನ್ನು ಕಲ್ಪಿಸಿಕೊಳ್ಳಬಹುದು. ನಾಡಿನ ಯಾವುದೋ ಒಂದು ಊರಿನ ಹೊರಗೆ, ಸಂಜೆಯ ಹೊತ್ತಿಗೆ, ಕತ್ತೆಗಳ ಮೇಲೆ ಗಂಟುಮೂಟೆ ಹೇರಿಕೊಂಡು ಬಂದ ನಾಲ್ಕು ಸಂಸಾರಗಳು ಗುಡಾರ ಹಾಕುತ್ತವೆ. ಅವರೂ ಅಪರಿಚಿತರೇ. ಆದರೆ ಆ ರಾತ್ರಿ ಊರಿನಲ್ಲಿ ಒಂದು ಕೋಳಿ ಕಾಣೆಯಾದರೂ ಸಾಕು, ಎಲ್ಲರ ಬೆರಳು ಗುಡಾರದ ಕಡೆಗೇ ತಿರುಗುತ್ತದೆ. ಕಂಡವರಿಲ್ಲ, ಸುಳಿವಿಲ್ಲ, ಸಾಕ್ಷಿಯಿಲ್ಲ. ಸಂಶಯಕ್ಕೆ ಮಾತ್ರ ಕೊರತೆಯಿಲ್ಲ. ಒಬ್ಬ ಅಪರಿಚಿತನಿಗೆ ಆದರ, ಇನ್ನೊಬ್ಬನಿಗೆ ಅಪವಾದ, ಈ ಭೇದವೇಕೆ?

ಒಂದು ಕಾಲದಲ್ಲಿ ಇಂತಹ ಸಂಶಯಕ್ಕೆ ಸರ್ಕಾರದ ಮುದ್ರೆಯೇ ಬಿದ್ದಿತ್ತು. 1871ರಲ್ಲಿ ಬ್ರಿಟಿಷ್ ಆಡಳಿತವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದ ಆ ಕಾಯಿದೆ ಕಾಲಕ್ರಮದಲ್ಲಿ ದೇಶದ ಇತರ ಭಾಗಗಳಿಗೂ ಹರಡಿತು. ಕೆಲವು ಸಮುದಾಯಗಳಲ್ಲಿ ಹುಟ್ಟಿದವರೆಲ್ಲರೂ ಹುಟ್ಟಿನಿಂದಲೇ ಕಳ್ಳರು ಎಂಬುದು ಅದರ ತಿರುಳು. ಅಂತಹ ಸಮುದಾಯದವರ ಹೆಸರನ್ನು ಪೊಲೀಸರು ದಾಖಲೆಗೆ ಸೇರಿಸುತ್ತಿದ್ದರು, ಬೆರಳಚ್ಚು ತೆಗೆದುಕೊಳ್ಳುತ್ತಿದ್ದರು. ಅವರು ಗೊತ್ತಾದ ವೇಳೆಗೆ ಹಾಜರಿ ಕೊಡಬೇಕಾಗಿತ್ತು. ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ. ಕನ್ನಡ ನಾಡಿನ ಕೊರಮ, ಕೊರಚ, ಹರಣಶಿಕಾರಿ, ಛಪ್ಪರಬಂದ್ ಮೊದಲಾದ ಸಮುದಾಯಗಳು ಈ ಕಳಂಕವನ್ನು ಹೊತ್ತವು. ಇವರಲ್ಲಿ ಎಷ್ಟೋ ಮಂದಿ ಎತ್ತು ಕತ್ತೆಗಳ ಮೇಲೆ ಉಪ್ಪು ಧಾನ್ಯಗಳನ್ನು ಸಾಗಿಸಿಯೋ, ಬುಟ್ಟಿ ಹೆಣೆದೋ ಬಾಳುತ್ತಿದ್ದವರು. ರೈಲು ಬಂದು ಸಾಗಣೆಯ ಕಸುಬು ಕೈತಪ್ಪಿದಾಗ ಅವರ ಅಲೆದಾಟವೇ ಅಪರಾಧವಾಗಿ ಕಾಣತೊಡಗಿತು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂತಹವರನ್ನು ಇರಿಸಲು ವಸಾಹತುಗಳನ್ನು ಸ್ಥಾಪಿಸಲಾಯಿತು. ಹುಬ್ಬಳ್ಳಿ, ಗದಗಗಳಲ್ಲಿ ಇಂದಿಗೂ ಉಳಿದಿರುವ 'ಸೆಟ್ಲ್‌ಮೆಂಟ್' ಎಂಬ ಹೆಸರು ಆ ದಿನಗಳ ನೆನಪು.

ಸ್ವತಂತ್ರ ಭಾರತವು 1952ರ ಆಗಸ್ಟ್ 31ರಂದು ಈ ಕಾಯಿದೆಯನ್ನು ತೆಗೆದುಹಾಕಿತು. ಅಂದಿನಿಂದ ಆ ಸಮುದಾಯಗಳನ್ನು 'ವಿಮುಕ್ತ' ಎಂದು ಕರೆಯಲಾಗುತ್ತಿದೆ. ಕಾಯಿದೆಯ ಪುಟದಿಂದ ಅಳಿಸಿದ ಮಾತು ಜನರ ಮನಸ್ಸಿನಿಂದಲೂ ಅಳಿಯಿತೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ನೆರೆಯ ಮಹಾರಾಷ್ಟ್ರದಲ್ಲಿ ನಡೆದ ಒಂದು ಮೊಕದ್ದಮೆಯೇ ಉತ್ತರ ಹೇಳುತ್ತದೆ.

2003ರಲ್ಲಿ ಅಲ್ಲಿ ಒಂದೇ ಮನೆಯ ಐವರು ಕೊಲೆಯಾದರು. ಅಲೆಮಾರಿ ಸಮುದಾಯದ ಆರು ಮಂದಿ ಕೂಲಿಕಾರರನ್ನು ಬಂಧಿಸಲಾಯಿತು. ಬದುಕುಳಿದ ಮಹಿಳೆ ಪೊಲೀಸರ ಬಳಿಯಿದ್ದ ಭಾವಚಿತ್ರಗಳಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದಳು. ಆ ಜಾಡನ್ನು ಯಾರೂ ಹಿಡಿಯಲಿಲ್ಲ. 2006ರಲ್ಲಿ ಕೆಳಗಿನ ನ್ಯಾಯಾಲಯ ಆರು ಮಂದಿಗೂ ಮರಣದಂಡನೆ ವಿಧಿಸಿತು. ಉಚ್ಚ ನ್ಯಾಯಾಲಯ ಮೂವರ ಶಿಕ್ಷೆಯನ್ನು ಇಳಿಸಿತಾದರೂ, 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಆರು ಮಂದಿಗೂ ಮರಣದಂಡನೆಯೇ ಸರಿಯೆಂದಿತು. ಆಮೇಲೆ ಅದೇ ಸರ್ವೋಚ್ಚ ನ್ಯಾಯಾಲಯವು ಮೊಕದ್ದಮೆಯನ್ನು ಮತ್ತೆ ಕೈಗೆತ್ತಿಕೊಂಡು, 2019ರ ಮಾರ್ಚ್ 5ರಂದು ಎಲ್ಲರನ್ನೂ ನಿರಪರಾಧಿಗಳೆಂದು ಬಿಡುಗಡೆ ಮಾಡಿತು. ಆರೋಪಿಗಳು ಅಲೆಮಾರಿಗಳೂ ಕಡುಬಡವರೂ ಆಗಿರುವುದರಿಂದ ಅವರನ್ನು ಸುಳ್ಳಾಗಿ ಸಿಕ್ಕಿಸಿರುವ ಸಂಭವವನ್ನು ತಳ್ಳಿಹಾಕಲಾಗದು ಎಂದು ಅದು ಹೇಳಿತು. ಒಬ್ಬೊಬ್ಬರಿಗೂ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. ಗಲ್ಲಿನ ನೆರಳಿನಲ್ಲಿ ಕಳೆದುಹೋದ ವರ್ಷಗಳನ್ನು ಮಾತ್ರ ಯಾರೂ ಹಿಂದಕ್ಕೆ ಕೊಡಲಾರರು. ಆ ಮನೆಯ ಐವರ ಸಾವಿಗೂ ನ್ಯಾಯ ದೊರೆಯಲಿಲ್ಲ. ಸುಳ್ಳು ಸಂಶಯವು ನಿರಪರಾಧಿಯನ್ನು ಕಟ್ಟಿಹಾಕುವುದಷ್ಟೇ ಅಲ್ಲ, ನಿಜವಾದ ಅಪರಾಧಿಗೆ ಬಾಗಿಲನ್ನೂ ತೆರೆದುಕೊಡುತ್ತದೆ.

ಸಂಶಯವು ಭಯದ ರೂಪ ತಾಳಿದಾಗ ಇನ್ನೂ ತೊಡಕಾದ ಪ್ರಶ್ನೆ ಏಳುತ್ತದೆ. ಅಮೆರಿಕದ ಫ್ಲಾರಿಡಾ ರಾಜ್ಯದ ಸ್ಯಾನ್‌ಫರ್ಡ್ ಪಟ್ಟಣದಲ್ಲಿ, 2012ರ ಫೆಬ್ರವರಿ 26ರ ರಾತ್ರಿ, ಟ್ರೇವಾನ್ ಮಾರ್ಟಿನ್ ಎಂಬ ಹದಿನೇಳು ವರ್ಷದ ಕಪ್ಪು ಜನಾಂಗದ ಹುಡುಗ ಅಂಗಡಿಯಿಂದ ಮಿಠಾಯಿಯನ್ನೂ ಪಾನೀಯವನ್ನೂ ಕೊಂಡು ಮರಳುತ್ತಿದ್ದನು. ಅವನಲ್ಲಿ ಯಾವ ಆಯುಧವೂ ಇರಲಿಲ್ಲ. ಬಡಾವಣೆಯ ಕಾವಲಿಗೆ ನಿಂತ ಸ್ವಯಂಸೇವಕನೊಬ್ಬನು ಅವನನ್ನು ಸಂಶಯದಿಂದ ಕಂಡು ಪೊಲೀಸರಿಗೆ ದೂರವಾಣಿ ಮಾಡಿದನು. ಹುಡುಗನನ್ನು ಹಿಂಬಾಲಿಸುವ ಅಗತ್ಯವಿಲ್ಲವೆಂದು ಅವನಿಗೆ ತಿಳಿಸಲಾಯಿತು. ಬಳಿಕ ಇಬ್ಬರಿಗೂ ಕೈಕೈ ಹತ್ತಿ, ಗುಂಡು ಹಾರಿ, ಹುಡುಗ ಸತ್ತನು. ಪ್ರಾಣ ಉಳಿಸಿಕೊಳ್ಳಲು ಗುಂಡು ಹಾರಿಸಿದೆನೆಂದು ಕಾವಲಿನವನು ವಾದಿಸಿದನು. 2013ರ ಜುಲೈ 13ರಂದು ಆರು ಮಂದಿ ಪಂಚರು ಅವನನ್ನು ನಿರ್ದೋಷಿಯೆಂದರು.

ಆ ತೀರ್ಪಿನ ಮೇಲೆ ಇಡೀ ದೇಶವೇ ಚರ್ಚೆಗಿಳಿಯಿತು. ಹೊಡೆದಾಟದ ಗಳಿಗೆಯಲ್ಲಿ ಅವನಿಗೆ ಪ್ರಾಣಭಯವಿರಲಿಲ್ಲವೆಂದು ಸಂದೇಹಕ್ಕೆಡೆಯಿಲ್ಲದಂತೆ ಸಿದ್ಧವಾಗಲಿಲ್ಲ. ಆದುದರಿಂದ ತೀರ್ಪು ಸರಿ ಎಂದರು ಕೆಲವರು. ಮನೆಗೆ ಹೋಗುತ್ತಿದ್ದ ಹುಡುಗನನ್ನು ಹಿಂಬಾಲಿಸುವಂತೆ ಮಾಡಿದ್ದು ಅವನ ಮೈಬಣ್ಣವಲ್ಲವೇ, ನ್ಯಾಯಾಲಯ ಕೊನೆಯ ಗಳಿಗೆಯನ್ನು ಕಂಡಿತೇ ಹೊರತು ಮೊದಲ ಹೆಜ್ಜೆಯನ್ನು ಕಾಣಲಿಲ್ಲ ಎಂದರು ಇತರರು. ಎರಡು ಮಾತುಗಳಿಗೂ ತೂಕವಿದೆ. ಆರೋಪ ಹೊತ್ತವನಿಗೆ ಸಂದೇಹದ ಲಾಭ ಸಿಗಲೇಬೇಕು. ಮಹಾರಾಷ್ಟ್ರದ ಆ ಆರು ಮಂದಿಯನ್ನು ಉಳಿಸಿದ್ದೂ ಆ ನಿಯಮವೇ. ಆದರೆ ಬದುಕಿದವನಿಗೆ ದೊರೆತ ಆ ಲಾಭದ ಒಂದು ಪಾಲಾದರೂ, ದಾರಿಯಲ್ಲಿ ನಡೆದುಹೋಗುತ್ತಿದ್ದಾಗ, ಸತ್ತವನಿಗೂ ದೊರೆಯಬೇಕಾಗಿತ್ತು.

ಭಾರತದ ಕಾನೂನು ಕೂಡ ಆತ್ಮರಕ್ಷಣೆಯ ಹಕ್ಕನ್ನು ಮಾನ್ಯ ಮಾಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಅದನ್ನು ವಿವರಿಸುತ್ತವೆ. ಆದರೆ ಆ ಹಕ್ಕಿಗೆ ಮೇರೆಗಳುಂಟು. ಭಯಕ್ಕೆ ತಕ್ಕ ಕಾರಣವಿರಬೇಕು; ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಕೇಡನ್ನು ಮಾಡಬಾರದು; ಅಧಿಕಾರಿಗಳ ನೆರವನ್ನು ಪಡೆಯಲು ಕಾಲಾವಕಾಶವಿದ್ದಲ್ಲಿ ಆ ಹಕ್ಕೇ ಇಲ್ಲ. ಎದುರಿನವನು ಮಾಡಿದ ಕೆಲಸ ಭಯಕ್ಕೆ ಕಾರಣವಾಗಬಹುದು. ಅವನ ಹುಟ್ಟು, ಬಣ್ಣ, ವೇಷ, ಭಾಷೆಗಳು ಕಾರಣವಾಗಲಾರವು.

ಈ ಮೇರೆಯನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಕರ್ನಾಟಕವೇ ಕಂಡಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಮೊಬೈಲ್‌ಗಳ ಮೂಲಕ ಊರೂರಿಗೆ ಹಬ್ಬಿತು. ಜುಲೈ 13ರಂದು ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವು ಗೆಳೆಯರಲ್ಲಿ ಒಬ್ಬರು ದಾರಿಯಲ್ಲಿ ಕಂಡ ಮಕ್ಕಳಿಗೆ ಪ್ರೀತಿಯಿಂದ ಚಾಕಲೇಟು ಹಂಚಿದರು. ಅದೇ ಸಂಶಯಕ್ಕೆ ಬೀಜವಾಯಿತು. ಸುದ್ದಿ ಕಾರಿಗಿಂತ ವೇಗವಾಗಿ ಓಡಿತು. ಮುರ್ಕಿ ಗ್ರಾಮದಲ್ಲಿ ದಾರಿಗೆ ಅಡ್ಡಗಟ್ಟಲಾಯಿತು, ಕಾರು ಉರುಳಿತು, ನೂರಾರು ಜನ ಮೇಲೆ ಬಿದ್ದರು. ತಡೆಯಲು ಬಂದ ಪೊಲೀಸರೂ ಗಾಯಗೊಂಡರು. ಗೆಳೆಯರಲ್ಲಿ ಒಬ್ಬ ಯುವಕ ಪ್ರಾಣ ಕಳೆದುಕೊಂಡನು. ಮಕ್ಕಳನ್ನು ರಕ್ಷಿಸುತ್ತಿದ್ದೇವೆಂದೇ ಆ ಗುಂಪು ನಂಬಿತ್ತು. ಆದರೆ ಅಲ್ಲಿ ಯಾವ ಮಗುವೂ ಕಾಣೆಯಾಗಿರಲಿಲ್ಲ. ಮಗುವಿನ ಹೆಸರೇನು, ಮನೆ ಯಾವುದು ಎಂದು ಒಬ್ಬರು ನಿಂತು ಕೇಳಿದ್ದರೆ ಸಾಕಾಗಿತ್ತು. ಒಂದು ಜೀವ ಉಳಿಯುತ್ತಿತ್ತು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ಹಿರಿಯರ ಮಾತು. ಕಣ್ಣಾರೆ ಕಂಡುದಕ್ಕೇ ಪ್ರಮಾಣ ಬೇಕಾದರೆ, ಬರಿಯ ಊಹೆಗೆ ಅದೆಷ್ಟು ಬೇಕು! ನ್ಯಾಯಾಲಯದಲ್ಲಿ ನ್ಯಾಯಾಧೀಶರಿಗೆ ಈ ಮಾತು ಹೇಗೆ ಅನ್ವಯಿಸುವುದೋ, ಬೀದಿಯಲ್ಲಿ ಪ್ರತಿಯೊಬ್ಬ ಪ್ರಜೆಗೂ ಹಾಗೆಯೇ ಅನ್ವಯಿಸುತ್ತದೆ.

ಶೆಟ್ಟಿಹಳ್ಳಿಯ ಇಗರ್ಜಿ ಈ ಮಾತಿಗೆ ಮೂಕಸಾಕ್ಷಿ. ಹೇಮಾವತಿಯ ನೀರು ಏರಿಬಂದಾಗ, ಮುಳುಗಡೆಯಾದ ಹಳ್ಳಿಗಳ ಜನ ತಮ್ಮ ಗಂಟುಮೂಟೆ ಕಟ್ಟಿಕೊಂಡು ಹೊಸ ನೆಲೆಗಳಿಗೆ ಹೊರಟರು. ಹೋದಲ್ಲಿ ಅವರೂ ಹೊಸಬರಾಗಿದ್ದರು. ಅಲ್ಲಿಯ ಜನರ ಕಣ್ಣುಗಳು ಅವರ ಮೇಲೂ ನೆಟ್ಟಿರಬೇಕು. ಇಂದು ಊರಿನವನಾದವನು ನಾಳೆ ಎಲ್ಲಿಯೋ ಅಪರಿಚಿತನಾಗಬಹುದು.

ಅಭ್ಯಾಸ

1. ಅಪರಾಧಿ ಬುಡಕಟ್ಟುಗಳ ಕಾಯಿದೆಯ ತಿರುಳೇನು? ಅದರಿಂದ ಜನರಿಗೆ ಒದಗಿದ ಕಷ್ಟಗಳಾವುವು?
2. 'ಸುಳ್ಳು ಸಂಶಯವು ನಿಜವಾದ ಅಪರಾಧಿಗೆ ಬಾಗಿಲನ್ನೂ ತೆರೆದುಕೊಡುತ್ತದೆ.' ಮಹಾರಾಷ್ಟ್ರದ ಮೊಕದ್ದಮೆಯನ್ನು ಆಧರಿಸಿ ವಿವರಿಸಿ.
3. ಆತ್ಮರಕ್ಷಣೆಯ ಹಕ್ಕಿಗಿರುವ ಮೇರೆಗಳನ್ನು ತಿಳಿಸಿ.
4. ಸ್ಯಾನ್‌ಫರ್ಡ್ ತೀರ್ಪಿನ ಬಗ್ಗೆ ಎದ್ದ ಎರಡು ವಾದಗಳನ್ನು ಹೋಲಿಸಿ, ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಿರಿ.
5. ವಿಗ್ರಹಿಸಿ ಸಮಾಸದ ಹೆಸರು ತಿಳಿಸಿ: ಮರಣದಂಡನೆ, ಪ್ರಾಣಭಯ, ಕಡುಬಡವರು.