ಎದೆಯ ತಾಳ ಮತ್ತು ಬೀದಿಯ ಧೂಳು



ಭಾಷೆಯ ಟೀಚರ್ ಹೃದಯದ ಬಗ್ಗೆ, ಗಾಳಿಯ ಬಗ್ಗೆ ಏಕೆ ಬರೆಯುತ್ತಿದ್ದಾರೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ಮೊದಲನೆಯದು, ನಮ್ಮ ಕನ್ನಡದಲ್ಲಿ ಎದೆಗೆ ಎಷ್ಟೊಂದು ಮಾತುಗಳಿವೆ ನೋಡಿ! ಭಯವಾದರೆ ಎದೆ ಝಲ್ಲೆನ್ನುತ್ತದೆ, ಪರೀಕ್ಷೆಯ ದಿನ ಎದೆ ಢವಢವ ಎನ್ನುತ್ತದೆ, ಕೆಟ್ಟ ಸುದ್ದಿ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಎದೆಗೆ ಒಂದು ತಾಳವಿದೆ, ಅದು ತಪ್ಪುವುದೂ ಉಂಟು ಎಂಬುದು ನಮ್ಮ ಹಿರಿಯರಿಗೆ ಯಂತ್ರಗಳಿಲ್ಲದ ಕಾಲದಲ್ಲೇ ತಿಳಿದಿತ್ತು. ಎರಡನೆಯ ಕಾರಣ ನನ್ನ ತಂದೆ.

ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ ತಂದೆ ದಾವಣಗೆರೆಯಿಂದ ಸ್ಟಾಕ್‌ಹೋಮಿಗೆ ಬಂದರು. ಅವರಿಗೆ ಮೊದಲಿನಿಂದಲೂ ಹೃದಯದ ಬಡಿತ ಏರುಪೇರಾಗುವ ತೊಂದರೆ ಇದೆ. "ಇಲ್ಲಿ ಗಾಳಿ ಶುದ್ಧ ಅಪ್ಪ, ಎಷ್ಟು ಬೇಕಾದರೂ ನಡೆಯಿರಿ" ಎಂದು ನಾನೇ ಹೇಳಿದೆ. ಅವರು ದಿನವೂ ಮನೆಯ ಹತ್ತಿರದ ದೊಡ್ಡ ರಸ್ತೆಯ ಪಕ್ಕದಲ್ಲಿ ನಡೆಯತೊಡಗಿದರು. ಒಂದು ದಿನ ಬಂದು ಕುರ್ಚಿಯಲ್ಲಿ ಕುಳಿತವರು, "ಎದೆಯೊಳಗೆ ಹಕ್ಕಿ ರೆಕ್ಕೆ ಬಡಿದ ಹಾಗೆ ಆಗ್ತಿದೆ" ಎಂದರು. ಆಸ್ಪತ್ರೆಗೆ ಕರೆದೊಯ್ದೆವು, ಸಂಜೆಯ ಹೊತ್ತಿಗೆ ಸರಿಹೋಯಿತು. ಅಂದಿನ ತೊಂದರೆಗೆ ಧೂಳೇ ಕಾರಣ ಎಂದು ನಾನು ಹೇಳಲಾರೆ. ಇಂಥ ರೋಗಕ್ಕೆ ಕಾರಣಗಳು ಹಲವು. ಆದರೆ ವೈದ್ಯರು, "ಈ ತಿಂಗಳಲ್ಲಿ ದೊಡ್ಡ ರಸ್ತೆ ಬಿಟ್ಟು ಪಾರ್ಕಿನಲ್ಲಿ ನಡೆಯಲಿ" ಎಂದರು. ಆ ಮಾತು ನನ್ನನ್ನು ಓದಲು ಹಚ್ಚಿತು. ಓದಿ ತಿಳಿದದ್ದನ್ನು ಇಲ್ಲಿ ಪಾಠದಂತೆ ಬರೆದಿದ್ದೇನೆ.

ಎದೆಯ ತಾಳ ಎಂದರೇನು?

ನಿಮ್ಮ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ನೋಡಿ. ಅದೇ ನಾಡಿ. ವಿಶ್ರಾಂತಿಯಲ್ಲಿರುವ ದೊಡ್ಡವರಲ್ಲಿ ಅದು ನಿಮಿಷಕ್ಕೆ 60 ರಿಂದ 100 ಬಾರಿ ಮಿಡಿಯುತ್ತದೆ. ನಿಮಿಷಕ್ಕೆ 72 ಎಂದು ಲೆಕ್ಕ ಹಾಕಿದರೆ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು! ಹೃದಯದ ಬಲ ಮೇಲ್ಕೋಣೆಯಲ್ಲಿರುವ ಒಂದು ಸಣ್ಣ ಗಂಟು ವಿದ್ಯುತ್ ಸಂಕೇತವನ್ನು ಹುಟ್ಟಿಸುತ್ತದೆ. ಸಂಗೀತ ತರಗತಿಯಲ್ಲಿ ಗುರುಗಳು ತಾಳ ಹಾಕಿದಂತೆ ಅದು ತಾಳ ಹಾಕುತ್ತದೆ, ಹೃದಯದ ಸ್ನಾಯುಗಳೆಲ್ಲ ಅದಕ್ಕೆ ತಕ್ಕಂತೆ ನಡೆಯುತ್ತವೆ.

ಕೆಲವೊಮ್ಮೆ ಮೇಲ್ಕೋಣೆಗಳಲ್ಲಿ ಹಲವು ಕಡೆಯಿಂದ ಸಂಕೇತಗಳು ಎದ್ದು ತಾಳ ಕೆಡುತ್ತದೆ. ಸ್ವೀಡಿಷ್ ಭಾಷೆಯಲ್ಲಿ ಇದಕ್ಕೆ 'ಫೊರ್ಮಾಕ್ಸ್‌ಫ್ಲಿಮ್ಮರ್' ಎನ್ನುತ್ತಾರೆ. ಆಗ ರಕ್ತ ಹೃದಯದಲ್ಲಿ ನಿಂತು ಹೆಪ್ಪುಗಟ್ಟಿ, ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗುವ ಅಪಾಯವಿದೆ. ಕೆಳಕೋಣೆಗಳ ತಾಳ ಕೆಟ್ಟರೆ ಅಪಾಯ ಇನ್ನೂ ಹೆಚ್ಚು. ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಕುತ್ತು ಬರಬಹುದು.

ಸ್ವೀಡನ್ನಿನ ಕೊಡುಗೆ

ಈ ವಿಷಯದಲ್ಲಿ ನಾವು ವಾಸಿಸುವ ದೇಶಕ್ಕೆ ಒಂದು ಹೆಮ್ಮೆಯ ಇತಿಹಾಸವಿದೆ. 1958ರ ಅಕ್ಟೋಬರ್ 8ರಂದು ಸೋಲ್ನಾದ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಜಗತ್ತಿನಲ್ಲೇ ಮೊದಲ ಬಾರಿಗೆ ಮನುಷ್ಯನ ದೇಹದೊಳಗೆ ಪೇಸ್‌ಮೇಕರ್ ಇಡಲಾಯಿತು. ರೋಗಿಯ ಹೆಸರು ಆರ್ನೆ ಲಾರ್ಸನ್. ಅವರ ಹೃದಯದ ಬಡಿತ ತೀರ ನಿಧಾನವಾಗಿ ದಿನಕ್ಕೆ ಹಲವು ಬಾರಿ ಪ್ರಜ್ಞೆ ತಪ್ಪುತ್ತಿತ್ತು. ಪತ್ನಿ ಎಲ್ಸೆ-ಮರೀ ಪಟ್ಟುಹಿಡಿದು ಕೇಳಿದ್ದರಿಂದ ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಯಂತ್ರ ತಯಾರಿಸಿದರು, ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅದನ್ನು ಅಳವಡಿಸಿದರು. ಅಚ್ಚಿಗೆ ಬಳಸಿದ್ದು ಶೂ ಪಾಲಿಶ್ ಡಬ್ಬಿ! ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಆದರೆ ಲಾರ್ಸನ್ ಮುಂದೆ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡು 2001ರವರೆಗೆ, 86 ವರ್ಷ ಬದುಕಿದರು. ತಮ್ಮನ್ನು ಉಳಿಸಿದ ವೈದ್ಯರಿಗಿಂತಲೂ ಇಂಜಿನಿಯರಿಗಿಂತಲೂ ಹೆಚ್ಚು ಕಾಲ ಇದ್ದರು.

ಮುಂದೆ 1980ರಲ್ಲಿ ಅಮೆರಿಕದಲ್ಲಿ ಇನ್ನೊಂದು ಯಂತ್ರ ಮನುಷ್ಯನ ದೇಹ ಸೇರಿತು. ಕೆಳಕೋಣೆಗಳ ತಾಳ ಅಪಾಯಕಾರಿಯಾಗಿ ಕೆಟ್ಟಾಗ ಅದು ತಾನೇ ಗುರುತಿಸಿ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುತ್ತದೆ. ಇದರ ಹೆಸರು ಡಿಫಿಬ್ರಿಲೇಟರ್. ಈಗಿನ ಇಂಥ ಯಂತ್ರಗಳು ತಾಳ ತಪ್ಪಿದ ದಿನ, ಗಂಟೆ, ನಿಮಿಷ ಎಲ್ಲವನ್ನೂ ದಾಖಲಿಸಿಡುತ್ತವೆ. ಈ ದಾಖಲೆಯೇ ಮುಂದಿನ ಸಂಶೋಧನೆಗೆ ದಾರಿಯಾಯಿತು.

211 ರೋಗಿಗಳ ಡೈರಿ

ಗೋಥೆನ್‌ಬರ್ಗ್ ಮತ್ತು ಸ್ಟಾಕ್‌ಹೋಮ್ ನಗರಗಳಲ್ಲಿ ಇಂಥ ಯಂತ್ರವಿದ್ದ 211 ರೋಗಿಗಳನ್ನು ಸಂಶೋಧಕರು ಸರಾಸರಿ 28 ತಿಂಗಳು ಗಮನಿಸಿದರು. ಅದರ ಫಲಿತಾಂಶ 2008ರಲ್ಲಿ ಯುರೋಪಿನ ಪ್ರಸಿದ್ಧ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಒಬ್ಬ ರೋಗಿಯ ಹೃದಯದ ತಾಳ ತಪ್ಪಿದ ಗಂಟೆಯಲ್ಲಿ ನಗರದ ಗಾಳಿ ಹೇಗಿತ್ತು, ಅದೇ ರೋಗಿಗೆ ಏನೂ ಆಗದ ಬೇರೆ ದಿನಗಳಲ್ಲಿ ಹೇಗಿತ್ತು ಎಂದು ಹೋಲಿಸಿದರು. ಮಕ್ಕಳೇ, ಈ ಉಪಾಯವನ್ನು ಗಮನಿಸಿ. ಒಬ್ಬರನ್ನು ಇನ್ನೊಬ್ಬರೊಡನೆ ಹೋಲಿಸಿದರೆ ವಯಸ್ಸು, ಊಟ, ಅಭ್ಯಾಸ ಎಲ್ಲ ಬೇರೆ ಬೇರೆ ಇರುತ್ತವೆ. ಅವರನ್ನು ಅವರೊಡನೆಯೇ ಹೋಲಿಸಿದರೆ ಆ ತೊಡಕು ಬಹುಮಟ್ಟಿಗೆ ಇಲ್ಲ.

ಕಂಡದ್ದೇನು? ಹಿಂದಿನ ಎರಡು ಗಂಟೆಗಳಲ್ಲಿ ಗಾಳಿಯ ಪಿಎಂ 10 ಎಂಬ ಧೂಳು ಘನ ಮೀಟರಿಗೆ ಸುಮಾರು 15 ಮೈಕ್ರೋಗ್ರಾಂ ಹೆಚ್ಚಿದ್ದರೆ ತಾಳ ತಪ್ಪುವ ಸಂಭವ ಸುಮಾರು ಶೇಕಡ 31ರಷ್ಟು ಹೆಚ್ಚಿತ್ತು. ಇದು ಸಣ್ಣ ಅಧ್ಯಯನ. ಲೆಕ್ಕದಲ್ಲಿ ಅನಿಶ್ಚಿತತೆಯೂ ಇದೆ. ಸಂಬಂಧ ಕಂಡಿತೆಂದ ಮಾತ್ರಕ್ಕೆ ಅದೇ ಕಾರಣ ಎಂದು ಸಾಬೀತಾದಂತಲ್ಲ. ಆದರೂ ಯೋಚಿಸಬೇಕಾದ ಮಾತು ಒಂದಿದೆ: ಗಾಳಿಯ ಪರಿಣಾಮಕ್ಕೆ ವರ್ಷಗಳು ಬೇಕಿಲ್ಲ, ಗಂಟೆಗಳೇ ಸಾಕಾಗಬಹುದು.

ಪಿಎಂ 10 ಎಂದರೆ 10 ಮೈಕ್ರೋಮೀಟರಿಗಿಂತ ಚಿಕ್ಕ ಕಣಗಳು. ನಮ್ಮ ಒಂದು ತಲೆಗೂದಲು ಅದರ ಹಲವು ಪಟ್ಟು ದಪ್ಪ. ಉಸಿರಿನೊಡನೆ ಒಳಹೋದ ಕಣಗಳು ಶ್ವಾಸಕೋಶದ ನರಗಳನ್ನು ಕೆರಳಿಸಿ ಹೃದಯದ ವೇಗವನ್ನು ನಿಯಂತ್ರಿಸುವ ನರವ್ಯೂಹದ ಸಮತೋಲ ಕೆಡಿಸಬಹುದು, ದೇಹದಲ್ಲಿ ಉರಿಯೂತ ಉಂಟುಮಾಡಬಹುದು. ಅತಿ ಸೂಕ್ಷ್ಮ ಕಣಗಳು ರಕ್ತವನ್ನೂ ಸೇರಬಹುದು ಎನ್ನುತ್ತಾರೆ. ಗಟ್ಟಿ ಹೃದಯ ಇದನ್ನು ತಾಳಿಕೊಳ್ಳುತ್ತದೆ. ಮೊದಲೇ ದಣಿದ ಹೃದಯಕ್ಕೆ ಅದು ಕಷ್ಟ.

ಈ ಧೂಳು ಎಲ್ಲಿಂದ ಬಂತು?

ಸ್ವೀಡನ್ನಿನ ಗಾಳಿ ಒಟ್ಟಾರೆ ಯುರೋಪಿನಲ್ಲೇ ಶುದ್ಧವಾದವುಗಳಲ್ಲಿ ಒಂದು. ನಿಜ. ಆದರೆ ವಸಂತ ಬರುವಾಗ ನಗರದ ದೊಡ್ಡ ಬೀದಿಗಳ ಕಥೆ ಬೇರೆ. ಚಳಿಗಾಲದಲ್ಲಿ ಕಾರುಗಳಿಗೆ ಮೊಳೆ ಇರುವ 'ದುಬ್‌ಡೆಕ್' ಟೈರು ಹಾಕುತ್ತೇವಲ್ಲ, ಆ ಮೊಳೆಗಳು ರಸ್ತೆಯ ಕಲ್ಲನ್ನು ಕೆರೆದು ಪುಡಿ ಮಾಡುತ್ತವೆ. ಹಿಮ, ತೇವ ಇರುವವರೆಗೆ ಪುಡಿ ರಸ್ತೆಯಲ್ಲೇ ಕುಳಿತಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ರಸ್ತೆ ಒಣಗಿದಾಗ ಮೇಲೇಳುತ್ತದೆ. ನಮ್ಮ ಅಜ್ಜ ಅಜ್ಜಿಯರು ಊರಿನಿಂದ ಬರುವುದೂ ಹೆಚ್ಚಾಗಿ ಆಗಲೇ!

ಸ್ಟಾಕ್‌ಹೋಮಿನ ಸೋಡರ್ಮಾಲ್ಮ್‌ನ ಹೂರ್ನ್ಸ್‌ಗಾತನ್ ಬೀದಿ ಇದಕ್ಕೆ ಹೆಸರಾಗಿತ್ತು. 2010ರ ಜನವರಿ 1ರಿಂದ ಅಲ್ಲಿ ಮೊಳೆ ಟೈರಿನ ವಾಹನ ಓಡಿಸುವುದನ್ನು ನಿಷೇಧಿಸಲಾಯಿತು. ಮುಂದೆ ಬೇರೆ ಕೆಲವು ಬೀದಿಗಳಿಗೂ ಆ ನಿಯಮ ಬಂತು. ಧೂಳು ಏಳದಂತೆ ರಸ್ತೆಗೆ ಲವಣದ ದ್ರಾವಣ ಸಿಂಪಡಿಸುತ್ತಾರೆ, ಯಂತ್ರದಿಂದ ಹೀರಿ ತೆಗೆಯುತ್ತಾರೆ.

ಮಿತಿ ಎಷ್ಟು? ದಿನದ ಸರಾಸರಿ ಪಿಎಂ 10 ಘನ ಮೀಟರಿಗೆ 45 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಭಾರತದಲ್ಲಿ 2009ರಲ್ಲಿ ನಿಗದಿಯಾದ ಮಿತಿ 100. ಆ ಮಿತಿಯನ್ನೂ ಉಳಿಸಿಕೊಳ್ಳಲಾಗದ ನಗರಗಳಿಗಾಗಿ 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ನಮ್ಮ ದಾವಣಗೆರೆ ಇವೆ. ಹಾಗಾಗಿ ಊರಿಗೆ ಫೋನ್ ಮಾಡಿದಾಗಲೂ ಈ ಮಾತು ಹೇಳಬೇಕು.

ನಾವು ಏನು ಮಾಡಬಹುದು?

1. ಹೃದಯದ ತೊಂದರೆ ಇರುವ ಹಿರಿಯರು ನಡಿಗೆ ಬಿಡುವುದು ಬೇಡ, ದಾರಿ ಬದಲಿಸಲಿ. ಪಾರ್ಕು, ಕೆರೆಯ ದಂಡೆ, ವಾಹನ ಕಡಿಮೆ ಇರುವ ಬೀದಿ ಉತ್ತಮ. ಮಳೆ ಬಂದ ಮರುದಿನ ಧೂಳು ಕಡಿಮೆ.
2. ಅವರು ಬರುವಾಗ ಔಷಧಿಯ ಚೀಟಿ, ಪೇಸ್‌ಮೇಕರ್ ಇದ್ದರೆ ಅದರ ಕಾರ್ಡು ಜೊತೆಗಿರಲಿ. ಔಷಧಿಯನ್ನು ನಾವೇ ಬದಲಿಸುವುದು ಬೇಡ.
3. ಮನೆಯೊಳಗಿನ ಹೊಗೆಯೂ ಹೊಗೆಯೇ. ಒಗ್ಗರಣೆ ಹಾಕುವಾಗ ಫ್ಯಾನ್ ಹಾಕಿ. ದೇವರ ಮುಂದೆ ಊದುಬತ್ತಿಯ ಬದಲು ಹೂವಿಟ್ಟರೂ ಭಕ್ತಿ ಕಡಿಮೆಯಾಗದು.
4. ನಗರದೊಳಗೆ ಮಾತ್ರ ಕಾರು ಓಡಿಸುವವರು ಮೊಳೆಯಿಲ್ಲದ ಚಳಿಗಾಲದ ಟೈರಿನ ಬಗ್ಗೆ ಯೋಚಿಸಬಹುದು. ಹಿಮಗಟ್ಟಿದ ಹಳ್ಳಿ ರಸ್ತೆಗಳಲ್ಲಿ ಹೋಗುವವರಿಗೆ ಮೊಳೆ ಬೇಕಾಗಬಹುದು.
5. ಎದೆ ನೋವು, ಉಸಿರಾಟದ ಕಷ್ಟ, ಪ್ರಜ್ಞೆ ತಪ್ಪುವುದು ಕಂಡರೆ ತಡ ಮಾಡದೆ 112ಕ್ಕೆ ಕರೆ ಮಾಡಿ. ಸಲಹೆಗೆ 1177.

ನಾಲ್ಕನೆಯದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯಿತು. ಅಪ್ಪ ಬಂದ ಆ ವರ್ಷ ನಮ್ಮ ಕಾರಿಗೂ ಮೊಳೆ ಟೈರೇ ಇತ್ತು. ಇಡೀ ಚಳಿಗಾಲ ನಗರ ಬಿಟ್ಟು ಹೊರಗೆ ಹೋದದ್ದು ಒಂದೆರಡು ಬಾರಿ. ಅವರು ಉಸಿರಾಡಿದ ಧೂಳಿನಲ್ಲಿ ಒಂದು ಚಿಟಿಕೆ ನಮ್ಮದೂ ಇದ್ದಿರಬೇಕು. ಮುಂದಿನ ವರ್ಷ ಟೈರು ಬದಲಿಸಿದೆವು. ಅಪ್ಪ ಮತ್ತೆ ಬಂದರು, ಈ ಬಾರಿ ಕೆರೆಯ ದಂಡೆಯಲ್ಲಿ ನಡೆದರು.

ಅಭ್ಯಾಸ

1. ಮನೆಯ ಹಿರಿಯರ ನಾಡಿಯನ್ನು ಒಂದು ನಿಮಿಷ ಎಣಿಸಿ. ತಾಳ ಸಮವಾಗಿದೆಯೇ? ಇಲ್ಲವೆನಿಸಿದರೆ ದೊಡ್ಡವರಿಗೆ ತಿಳಿಸಿ.
2. 'ಎದೆ' ಪದವಿರುವ ಐದು ನುಡಿಗಟ್ಟುಗಳನ್ನು ಅಜ್ಜ ಅಜ್ಜಿಯರನ್ನು ಕೇಳಿ ಬರೆಯಿರಿ.
3. ಶಾಲೆಗೆ ಹೋಗುವ ಎರಡು ದಾರಿಗಳಲ್ಲಿ ಯಾವುದರಲ್ಲಿ ಧೂಳು ಕಡಿಮೆ? ಏಕೆ? ಐದು ವಾಕ್ಯಗಳಲ್ಲಿ ಬರೆಯಿರಿ.