ತುಂಬೆಯ ಹೂವೂ ಇಪ್ಪತ್ತೊಂದು ಚಿತ್ರಗಳೂ



ಮಳೆಗಾಲವು ಹಿಂಜರಿಯುತ್ತಿರುವಾಗ ಮುಂಬಯಿಯ ರೈಲುಹಳಿಗಳ ಬದಿಯ ಪಾಳುನೆಲದಲ್ಲಿ ತುಂಬೆಯ ಗಿಡಗಳು ಅರಳಿ ನಿಲ್ಲುತ್ತವೆ. ನಮ್ಮ ಊರುಗಳಲ್ಲಿ ಶಿವಪೂಜೆಗೆಂದು ಬಿಡಿಸಿ ತರುವ ಬಿಳಿಯ ಹೂವು ಇದೇ. ಉದ್ದ ಸುಮಾರು ಒಂದು ಸೆಂಟಿಮೀಟರು. ಅದರ ಕೇಸರಗಳು ಮೇಲ್ದುಟಿಯ ಅಡಿಯಲ್ಲಿ ಅಡಗಿರುತ್ತವೆಂದು ನಾವು ತರಗತಿಯಲ್ಲಿ ಹೂ ಹಿಡಿದು ವಿವರಿಸಿದರೆ, ಹಿಂದಿನ ಬೆಂಚಿನವರಿಗೆ ಕಂಡದ್ದು ಒಂದು ಬಿಳಿಯ ಚುಕ್ಕೆ! ಆದುದರಿಂದ ಅದರ ದೊಡ್ಡದೊಂದು ಛಾಯಾಚಿತ್ರವನ್ನು ತೆಗೆಯಲು ನಿಶ್ಚಯಿಸಿ, ಸ್ನೇಹಿತರೊಬ್ಬರ ಕ್ಯಾಮೆರಾವನ್ನು ಎರವಲು ತಂದೆವು.

ಕೆಲಸವು ನಾವೆಣಿಸಿದಷ್ಟು ಸುಲಭವಾಗಿರಲಿಲ್ಲ. ಮಸೂರವು ವಸ್ತುವಿಗೆ ಹತ್ತಿರವಾದಷ್ಟೂ ಸ್ಪಷ್ಟವಾಗಿ ಮೂಡುವ ಆಳವು ಕುಗ್ಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರಿನ ಮೇಲೆ ಹೂವನ್ನು ಅದರ ನಿಜವಾದ ಅಳತೆಯಲ್ಲಿಯೇ ಮೂಡಿಸಿ, ಬೆಳಕಿನ ಕಿಂಡಿಯನ್ನು ಎಫ್ 5.6ಕ್ಕೆ ಇಟ್ಟರೆ, ಆ ಆಳವು ಅರ್ಧ ಮಿಲಿಮೀಟರಿಗಿಂತ ಕೊಂಚ ಹೆಚ್ಚು, ಅಷ್ಟೆ. ಮುಂದಕ್ಕೆ ಚಾಚಿದ ಕೆಳದುಟಿ ಸ್ಪಷ್ಟವಾದರೆ ಹಿಂದಿರುವ ಮೇಲ್ದುಟಿ ಮಂಜು. ಮೇಲ್ದುಟಿಯನ್ನು ಹಿಡಿದರೆ ಕೆಳದುಟಿ ಮಾಯ. ಕಿಂಡಿಯನ್ನು ಎಫ್ 22ರವರೆಗೆ ಕಿರಿದು ಮಾಡಿದರೆ ಆಳವೇನೋ ಹೆಚ್ಚುತ್ತದೆ. ಆದರೆ ಕಿರಿಯ ಕಿಂಡಿಯಲ್ಲಿ ಹಾಯುವ ಬೆಳಕು ಅಂಚಿನಲ್ಲಿ ಬಾಗಿ ಹರಡುವುದರಿಂದ, ಅಂದರೆ ವಿವರ್ತನೆಯಿಂದ, ಇಡಿಯ ಚಿತ್ರವೇ ಮಂಕಾಗುತ್ತದೆ.

ಇದಕ್ಕೆ ಪರಿಹಾರವೇ ಫೋಕಸ್ ಸ್ಟ್ಯಾಕಿಂಗ್. ಹುಲ್ಲಿನ ಹೊರೆಗಳನ್ನು ಬಣವೆಯಾಗಿ ಒಟ್ಟುವಂತೆ ಇಲ್ಲಿ ಚಿತ್ರಗಳನ್ನು ಒಟ್ಟುತ್ತಾರೆ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಭದ್ರಪಡಿಸಿ, ಹೂವಿನ ಮುಂಭಾಗದಿಂದ ಹಿಂಭಾಗದವರೆಗೆ ಫೋಕಸನ್ನು ಅರ್ಧರ್ಧ ಮಿಲಿಮೀಟರು ಸರಿಸುತ್ತ ಒಂದೊಂದು ಚಿತ್ರ ತೆಗೆಯಬೇಕು. ಹತ್ತು ಮಿಲಿಮೀಟರು ಆಳಕ್ಕೆ 21 ಚಿತ್ರಗಳು. ಅನಂತರ ಹೆಲಿಕಾನ್ ಫೋಕಸ್‌ನಂತಹ ಗಣಕತಂತ್ರಾಂಶವು ಆ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ, ಪ್ರತಿಯೊಂದು ಭಾಗವೂ ಯಾವ ಚಿತ್ರದಲ್ಲಿ ಅತ್ಯಂತ ಸ್ಪಷ್ಟವಾಗಿದೆಯೋ ಅಲ್ಲಿಂದ ಅದನ್ನು ಆಯ್ದು ಒಂದೇ ಚಿತ್ರವನ್ನಾಗಿ ಕೂಡಿಸುತ್ತದೆ.

ಮೊದಲು ನಾವು ಹೂವನ್ನು ಕಿತ್ತು ತಂದು ಮೇಜಿನ ಮೇಲಿಟ್ಟೆವು. ತುಂಬೆಯ ದಳವು ಬಲು ಸುಲಭವಾಗಿ ಕಳಚುವಂಥದು. ಹನ್ನೊಂದನೆಯ ಚಿತ್ರಕ್ಕೆ ಅದು ಕೆಳಗೆ ಬಿದ್ದಿತ್ತು. ಮರುದಿನ ಗಿಡವಿದ್ದಲ್ಲಿಗೇ ಹೋದೆವು. ಲೋಕಲ್ ಗಾಡಿ ಹಾದಾಗಲೆಲ್ಲ ಗಿಡ ನಡುಗುತ್ತಿತ್ತು. ಎರಡು ಗಾಡಿಗಳ ನಡುವೆ ಹೇಗೋ 21 ಚಿತ್ರಗಳು ಮುಗಿದವು. ಜೋಡಿಸಿ ನೋಡಿದರೆ ಹೂವು ಚೆನ್ನಾಗಿಯೇ ಬಂದಿತ್ತು. ಆದರೆ ಅದರ ಮೇಲೆ ಮೂರು ಇರುವೆಗಳು. ಅಲ್ಲಿ ಇದ್ದುದು ಒಂದೇ ಇರುವೆ! ಅದು ನಡೆದಾಡಿದ ಮೂರು ಸ್ಥಳಗಳನ್ನೂ ಯಂತ್ರವು ನಂಬಿಬಿಟ್ಟಿತ್ತು.

"ಹಾಗಾದರೆ ಈ ಚಿತ್ರ ಸುಳ್ಳಲ್ಲವೇ, ಗುರುಗಳೇ?" ಎಂದು ಎಂಟನೆಯ ತರಗತಿಯ ಬಾಲಕಿಯೊಬ್ಬಳು ಕೇಳಿದಳು. ನಾವು ತಕ್ಷಣ ಉತ್ತರಿಸಲಾರದೆ ಹೋದೆವು. ನಮ್ಮ ಕಣ್ಣೂ ಹತ್ತಿರದ್ದನ್ನೂ ದೂರದ್ದನ್ನೂ ಒಂದಾದ ಮೇಲೊಂದು ನೋಡುತ್ತದೆ. ಮನಸ್ಸು ಅವನ್ನು ಕೂಡಿಸಿಕೊಳ್ಳುತ್ತದೆ. ಅಲುಗಾಡದ ಹೂವಿನ ಮಟ್ಟಿಗೆ ಚಿತ್ರವು ಸತ್ಯವೇ. ಇರುವೆಯ ಮಟ್ಟಿಗೆ ಆಕೆಯ ಮಾತೇ ಸರಿ. ಇಂತಹ ಚಿತ್ರದ ಕೆಳಗೆ ಎಷ್ಟು ಚಿತ್ರಗಳನ್ನು ಕೂಡಿಸಿದೆಯೆಂದು ಬರೆಯದಿರುವುದು ಅನ್ಯಾಯವೆಂದು ನಮ್ಮ ಅಭಿಪ್ರಾಯ.

ಮುಂದಿನ ಭಾನುವಾರ, ಗಾಡಿಗಳು ವಿರಳವಾಗಿದ್ದ ಬೆಳಗಿನ ಹೊತ್ತಿನಲ್ಲಿ, ಗಿಡದ ಪಕ್ಕದಲ್ಲಿ ಒಂದು ಕಡ್ಡಿಯನ್ನು ನೆಟ್ಟು, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಕಾಂಡವನ್ನು ಅದಕ್ಕೆ ಮೆಲ್ಲನೆ ಹಿಡಿಸಿ, ಗಾಳಿಗೆ ಕೊಡೆಯನ್ನು ಅಡ್ಡವಿಟ್ಟೆವು. ಆ ಚಿತ್ರವು ಈಗ ನಮ್ಮ ತರಗತಿಯ ಗೋಡೆಯ ಮೇಲಿದೆ. ಮೇಲ್ದುಟಿಯ ಬಿಳಿಯ ರೋಮಗಳನ್ನು ಒಂದೊಂದಾಗಿ ಎಣಿಸಬಹುದು. ಅದರ ಅಡಿಯಲ್ಲಿ ನಾಲ್ಕು ಕೇಸರಗಳು, ಎರಡು ಉದ್ದ, ಎರಡು ಗಿಡ್ಡ. ಕೆಳಗೆ "ತುಂಬೆ: 21 ಚಿತ್ರಗಳ ಜೋಡಣೆ" ಎಂದು ಬರೆದಿದ್ದೇವೆ. ಮೂರು ಇರುವೆಗಳ ಚಿತ್ರವನ್ನೂ ಪಕ್ಕದಲ್ಲಿಯೇ ತೂಗುಹಾಕಬೇಕೆಂದು ಆ ಬಾಲಕಿ ಹಟ ಹಿಡಿದಳು, ಹಾಕಿದೆವು.